ಗೋಡೌನಿನಲ್ಲಿ ಭಾಗಮ್ಮನ ತೂಕ

ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗಿರುವ ನಮ್ಮ ಕಾಫಿ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ರೈಟರ್ ಆಗಿ ಸೇರಿದಾಗ, ಕೊಯ್ಲಿನಲ್ಲಿ ಭಾಗಮ್ಮನಿಗೆ ಸರಿಸಮ ಬರುವವರು ಯಾರೂ ಇರಲಿಲ್ಲ. ಎರಡು ಸಾವಿರದ ಮೂರರ ಮಳೆಗಾಲದ ಹೊತ್ತಿಗೆ ಅದೇ ಭಾಗಮ್ಮ ಆಳುಗಳ ಸಾಲುಮನೆಯಾದ ಲೈನಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು, ಮೈ ಬಂದಿತ್ತು, ಮಂಡಿಗಳು ಊದಿಕೊಂಡಿದ್ದವು. ಮೇಸ್ತ್ರಿ ಅವರನ್ನು ಇಳಿಜಾರಿಗೆ ಕಳಿಸದೆ ನರ್ಸರಿಯಲ್ಲಿ ಕೂರಿಸಿ, ಸಸಿಯ ಚೀಲಗಳಿಗೆ ಮಣ್ಣು ತುಂಬಿಸುತ್ತಿದ್ದ. ಕೂತಷ್ಟೂ ಮೈ ಭಾರವಾಯಿತು. ಭಾರವಾದಷ್ಟೂ ಏಳುವುದು ಕಷ್ಟವಾಯಿತು.

ಗಂಡ ಮಾರಯ್ಯ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳನ್ನು ಕಳಸಕ್ಕೆ ಕೊಟ್ಟಿದ್ದರು. ಅತ್ತೆ, ಮಾವ, ಮೈದುನರಿದ್ದ ಆ ಮನೆಯಲ್ಲಿ ಮಗಳಿಗೇ ಕಾಲು ಚಾಚಲು ಜಾಗವಿರಲಿಲ್ಲ. ಭಾಗಮ್ಮನಿಗಿದ್ದ ಸೂರು ಲೈನಿನ ಒಂದು ಕೋಣೆ. ಆ ಕೋಣೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ನಿಂತರೆ ಅದೂ ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಜುಲೈಯಲ್ಲಿ ಮೂಡಿಗೆರೆಯ ಸೇವಾ ಸಂಸ್ಥೆಯೊಂದರಿಂದ ರುದ್ರಾಣಿ ಎಂಬ ನರ್ಸ್ ಪ್ರತಿ ಗುರುವಾರ ಮಧ್ಯಾಹ್ನ ಬರತೊಡಗಿದರು. ವಯಸ್ಸಾದವರು ಮೈಭಾರ ಇಳಿಸಿಕೊಳ್ಳಬೇಕು, ತಮ್ಮ ಕಾಲ ಮೇಲೆ ತಾವು ಓಡಾಡುವಂತಿರಬೇಕು ಎಂಬುದು ಅವರ ಕಾರ್ಯಕ್ರಮದ ಉದ್ದೇಶ. ಮಳೆಗಾಲದಲ್ಲಿ ಕಾಫಿ ಮೂಟೆಗಳೆಲ್ಲ ಸಾಗಿ ಗೋಡೌನು ಖಾಲಿ ಇರುತ್ತದೆ. ಅಲ್ಲಿಯೇ ಗೋಡೆಗುಂಟ ನಡಿಗೆ, ಕುರ್ಚಿಯಲ್ಲಿ ಕೂತು ಏಳುವ ಅಭ್ಯಾಸ, ಅನ್ನ ಕಡಿಮೆ ಮಾಡಿ ಸೊಪ್ಪು, ಕಾಳು ಹೆಚ್ಚಿಸುವ ಮಾತು. ಅವರು ತಂದಿದ್ದ ಪುಟ್ಟ ತೂಕದ ಯಂತ್ರ ಜೀಪಿನ ಕುಲುಕಾಟಕ್ಕೆ ಕೆಟ್ಟಿದ್ದರಿಂದ, ಗೋಡೌನಿನಲ್ಲೇ ಇದ್ದ ದೊಡ್ಡ ತಕ್ಕಡಿಯ ಮೇಲೆ ಎಲ್ಲರನ್ನೂ ನಿಲ್ಲಿಸಿದರು. ಕೆಲಸಗಾರರು ಕೊಯ್ದ ಹಣ್ಣನ್ನು ಸಂಜೆ ತೂಗುತ್ತಿದ್ದುದೂ ಅದರ ಮೇಲೆಯೇ. ಮುಳ್ಳು ಮೇಲೇರಿದರೆ ಕೂಲಿ. ಕೆಳಗುಳಿದರೆ ಮೇಸ್ತ್ರಿಯ ಬೈಗುಳ.

ಮೊದಲ ಗುರುವಾರ ಭಾಗಮ್ಮ ಬಾಗಿಲಲ್ಲೇ ನಿಂತರು.

"ಕಾಫಿಗೆ ರೇಟೇ ಇಲ್ಲ. ಆಚೆ ಎಸ್ಟೇಟಲ್ಲಿ ಆಳು ಕಮ್ಮಿ ಮಾಡ್ತಾ ಇದಾರೆ. ಈಗ್ಲೇ ಯಾಕೆ ನಮ್ ಮಂಡಿ ಮೇಲೆ ಇಷ್ಟು ಪ್ರೀತಿ?"

ಪಕ್ಕದ ಕೋಣೆಯ ಭೂತಯ್ಯ ಅವರ ಓರಗೆಯವರು; ಕಡ್ಡಿಯಂಥ ಮನುಷ್ಯ. "ನಿನ್ನ ತೂಗಿ ಮಾರ್ತಾರೆ ಮಾರಾಯ್ತಿ. ಮೂಟೆ ಚೆನ್ನಾಗಿದೆ," ಎಂದರು.

"ನಿನ್ನ ನಿಲ್ಸಿದ್ರೆ ಮುಳ್ಳು ಕದಲೋದೇ ಇಲ್ಲ. ಸುಮ್ನಿರು."

ರುದ್ರಾಣಿ ನಗುತ್ತ, "ಮಂಡಿನೋವು ಕಮ್ಮಿ ಆಗ್ಲಿ ಅಂತ ಅಷ್ಟೇ ಕಣಮ್ಮ," ಎಂದರು.

"ನಿಮ್ಮನ್ನ ಹೇಳಿ ಕಳ್ಸಿದ್ದು ಯಾರು?"

"ಯಾರೂ ಇಲ್ಲ. ನಾವಾಗೇ ಬಂದಿದ್ದು."

"ಯಾರೂ ಹೇಳ್ದೆ ಈ ಮಳೇಲಿ ಯಾರು ಬರ್ತಾರೆ ಸಿಸ್ಟರ್?"

ಆದರೂ ಮುಂದಿನ ವಾರ ಭಾಗಮ್ಮ ಬಂದರು. ಅನಂತರ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಗೋಡೆ ಬಿಟ್ಟು ನಡೆದರು. ನರ್ಸರಿಯಲ್ಲಿಯೂ ಆಗಾಗ ಎದ್ದು ಓಡಾಡಿದರು. ಬೆಲ್ಲದ ಕಾಫಿ ಬಿಟ್ಟೆನೆಂದರು. ಮಳೆ ಹಿಂದೆಗೆಯುವ ಹೊತ್ತಿಗೆ ಲೈನಿನ ಮೆಟ್ಟಿಲನ್ನು ಕೈಯಲ್ಲಿ ಬಿಂದಿಗೆ ಹಿಡಿದೇ ಇಳಿಯುತ್ತಿದ್ದರು. ಆದರೆ ತೂಕ ಮಾತ್ರ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಅನುಮಾನ ಹುಟ್ಟಿದ್ದು ಹೀಗೆ. ಭಾಗಮ್ಮ ಕದ್ದು ತಿನ್ನುತ್ತಾರೆಂದು ರುದ್ರಾಣಿಗೆ. ತಕ್ಕಡಿಯಲ್ಲೇ ದೋಷವಿದೆಯೆಂದು ನನಗೆ. ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿದೆ, ತಕ್ಕಡಿ ಸರಿಯಿತ್ತು. ಭೂತಯ್ಯ ಹಿಂದಿನಿಂದ ಕಾಲಿಟ್ಟು ಒತ್ತುತ್ತಿರಬಹುದೆಂದು ಒಂದು ಗುರುವಾರ ಅವರ ಕಾಲನ್ನೇ ನೋಡುತ್ತ ನಿಂತೆ. "ಯಾಕ್ ರೈಟ್ರೇ, ಚಪ್ಪಲಿ ಕೊಡಿಸ್ತೀರಾ?" ಎಂದು ಕೇಳಿದರು.

ಅದೇ ದಿನಗಳಲ್ಲಿ ಮಾಲೀಕರಾದ ಧರ್ಮೇಶ್ ಗೌಡರು ಆಫೀಸಿನಲ್ಲಿ ನನ್ನನ್ನು ಕರೆದರು. ತಂದೆಯ ಕಾಲಾನಂತರ ಎಸ್ಟೇಟು ಅವರ ಕೈಗೆ ಬಂದು ಒಂದು ವರ್ಷವಾಗಿತ್ತಷ್ಟೆ.

"ರೈಟ್ರೇ, ಆ ಸಿಸ್ಟರ್ ಹತ್ರ ಒಂದ್ಸಲ ವಿಚಾರಿಸಿ. ಕುರ್ಚಿಯಿಂದ ಏಳಕ್ಕೂ ಆಗ್ದೋರು ಯಾರ್ಯಾರು ಅಂತ."

"ಯಾತಕ್ಕೆ ಸಾರ್?"

"ಸುಮ್ನೆ. ಗೊತ್ತಿರ್ಲಿ."

ನಾನು ರುದ್ರಾಣಿಯವರನ್ನು ವಿಚಾರಿಸಲಿಲ್ಲ. ಗೌಡರೂ ಮತ್ತೆ ಕೇಳಲಿಲ್ಲ. ಅವರು ಮತ್ತೆ ಕೇಳದಿದ್ದುದೂ ನನಗೆ ಸರಿಕಾಣಲಿಲ್ಲ.

ಅಕ್ಟೋಬರ್ ಆರಂಭದ ಒಂದು ಗುರುವಾರ ರುದ್ರಾಣಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳುವಂತೆ ಎಲ್ಲರಿಗೂ ಹೇಳಿದರು. ಅಲ್ಲಿಯತನಕ ಭಾಗಮ್ಮ ಒಂದು ಕೈಯನ್ನು ಕುರ್ಚಿಗೂರಿ, ಇನ್ನೊಂದನ್ನು ಸೊಂಟದ ಮೇಲಿಟ್ಟುಕೊಂಡೇ ಏಳುತ್ತಿದ್ದರು. ಅಂದು ಕೈಕಟ್ಟಿ ಒಂದೇ ಉಸಿರಿಗೆ ಎದ್ದು ನಿಂತರು. ಹಿಡಿಯುವ ಕೈಯಿಲ್ಲದ ಸೀರೆಯ ಮಡಿಲು ಬಿಚ್ಚಿಕೊಂಡಿತು. ಹಳ್ಳದ ನುಣುಪು ಕಲ್ಲೊಂದು ಸಿಮೆಂಟು ನೆಲಕ್ಕೆ ಬಿದ್ದು ಸದ್ದು ಮಾಡಿತು. ಅದರ ಹಿಂದೆ ಇನ್ನೊಂದು.

ಭೂತಯ್ಯ ಬಗ್ಗಿ ನೋಡಿ, "ಏನೇ, ಮೊಟ್ಟೆ ಇಟ್ಯಾ?" ಎಂದರು.

ರುದ್ರಾಣಿ ಭಾಗಮ್ಮನನ್ನು ಆಗಲೇ ತಕ್ಕಡಿ ಹತ್ತಿಸಿದರು. ಮುಳ್ಳು ಬಹಳ ಕೆಳಗೆ ನಿಂತಿತು. "ಇಷ್ಟು ಇಳಿದಿದೀರಿ, ಖುಷಿ ಪಡೋದು ಬಿಟ್ಟು ಕಲ್ಲು ಕಟ್ಕೊಂಡು ಬಂದಿದೀರಲ್ಲಮ್ಮ," ಎಂದು ಅವರು ಬೆನ್ನು ತಟ್ಟಿದರೆ, ಭಾಗಮ್ಮ ಮುಖ ಕಪ್ಪಿಟ್ಟು ಕುರ್ಚಿಯಲ್ಲಿ ಕುಸಿದರು.

"ಈ ತಕ್ಕಡೀಲಿ ಕಮ್ಮಿ ಬಂದೋರು ಯಾರು ಉಳ್ಕೊಂಡಿದಾರೆ ಸಿಸ್ಟರ್? ಬೊಮ್ಮಯ್ಯ ಇಳಿತಾ ಇಳಿತಾ ಹೋದ. ರೆಸ್ಟ್ ತಗೋ ಅಂದ್ರು. ಕೊಯ್ಲಿಗೆ ಮುಂಚೆ ಅವನ ರೂಮಲ್ಲಿ ಬೇರೆಯೋರು ಒಲೆ ಹಚ್ಚಿದ್ರು."

ಅದು ಧರ್ಮೇಶರ ತಂದೆ ದೊಡ್ಡ ಗೌಡರ ಕಾಲದ ಮಾತು, ನನಗೂ ನೆನಪಿತ್ತು. ಹಳೆಯ ಆಳು ಬೊಮ್ಮಯ್ಯ ಇಳಿದದ್ದು ಕಾಯಿಲೆಯಿಂದ. ಆದರೆ ಲೈನಿನವರು ಕಂಡದ್ದು ಮೈ ಇಳಿದದ್ದನ್ನು, ಬಳಿಕ ಕೋಣೆ ಹೋದದ್ದನ್ನು. ಕೆಲಸ ಉಳಿಯಲು ಭಾಗಮ್ಮನಿಗೆ ಮಂಡಿ ಬೇಕಿತ್ತು, ಅದಕ್ಕಾಗಿ ನಡೆದರು. ಕೋಣೆ ಉಳಿಯಲು ಮೈ ಇಳಿದದ್ದು ಕಾಣಬಾರದಿತ್ತು. ಅದಕ್ಕಾಗಿ, ರವಿಕೆ ಸಡಿಲವಾದಂತೆಲ್ಲ ಇನ್ನಷ್ಟು ದೊಡ್ಡ ಕಲ್ಲನ್ನು ಹುಡುಕಿಕೊಂಡರು.

ಅವರು ನನ್ನ ಕಡೆ ತಿರುಗಿದರು. "ರೈಟ್ರೇ, ನಿಮಗೆ ಗೊತ್ತಿರುತ್ತೆ. ಗೌಡ್ರು ಏನಾದ್ರೂ ಕೇಳಿದ್ರಾ?"

"ಕೇಳಿದ್ದರು," ಎಂದೆ. ಏನು ಕೇಳಿದ್ದರೆಂಬುದನ್ನೂ ಹೇಳಿದೆ.

ರುದ್ರಾಣಿಯ ನಗು ನಿಂತಿತು.

ಮರುದಿನ ಬೆಳಿಗ್ಗೆ ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಭಾಗಮ್ಮ ಆಫೀಸಿನ ಜಗಲಿಯಲ್ಲಿ ನಿಂತಿದ್ದರು. ಲೈನಿನಿಂದ ಅಲ್ಲಿಗೆ ಕಡಿದಾದ ಏರು. ಅವರು ಆ ದಾರಿ ಹತ್ತಿದ್ದನ್ನು ನಾನು ಕೆಲವು ವರ್ಷಗಳಿಂದ ಕಂಡಿರಲಿಲ್ಲ.

"ರೂಮ್ ಬಿಡ್ಬೇಕು ಅಂತ ನಿಂಗೆ ಯಾರು ಹೇಳಿದ್ರು?" ಎಂದು, ಅವರ ಮಾತು ಮುಗಿದ ಮೇಲೆ ಗೌಡರು ಕೇಳಿದರು.

"ಯಾರೂ ಹೇಳಿಲ್ಲ ಗೌಡ್ರೇ. ಬೊಮ್ಮಯ್ಯಂಗೂ ಯಾರೂ ಮುಂಚೆ ಹೇಳಿರ್ಲಿಲ್ಲ."

ಗೌಡರು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಮತ್ತೆ ಹಾಕುತ್ತ ಇದ್ದರು. ಏಳಲಾಗದವರಿಗೆ ಕೂತು ಮಾಡುವ ಕೆಲಸ ಕೊಡೋಣವೆಂದು ಕೇಳಿದ್ದೆ ಎಂದರು. ಅದು ಮೊದಲೇ ಇದ್ದ ಯೋಚನೆಯೋ ಆ ಗಳಿಗೆಯಲ್ಲಿ ಹೊಳೆದದ್ದೋ ನನಗೆ ಗೊತ್ತಿಲ್ಲ. "ನಿನ್ ರೂಮ್ ಎಲ್ಲೂ ಹೋಗಲ್ಲ. ಹೋಗು," ಎಂದರು.

ಭಾಗಮ್ಮ ಕದಲಲಿಲ್ಲ. "ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತೆ. ಗುರುವಾರ ಗೋಡೌನಿಗೆ ಬಂದು ಎಲ್ಲರ ಮುಂದೆ ಹೇಳಿ ಗೌಡ್ರೇ. ಇಲ್ಲಾಂದ್ರೆ ಯಾರೂ ತಕ್ಕಡಿ ಹತ್ತಲ್ಲ."

ಗೌಡರು ಬಂದರು. ತಕ್ಕಡಿಯ ಪಕ್ಕದಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: "ಮೈ ಇಳೀತು, ಮಂಡಿ ಹೋಯ್ತು ಅಂತ ಈ ಎಸ್ಟೇಟಲ್ಲಿ ವಯಸ್ಸಾದೋರ ರೂಮ್ ಖಾಲಿ ಮಾಡ್ಸಲ್ಲ."

"ಹಂಗಾದ್ರೆ ನೀವೂ ಒಂದ್ಸಲ ಹತ್ತಿ," ಎಂದರು ಭೂತಯ್ಯ. ಗೌಡರಿಗೆ ಹೊಟ್ಟೆ ಬಂದಿತ್ತು. ಎಲ್ಲರೂ ನಕ್ಕರು; ಭಾಗಮ್ಮ ನಗಲಿಲ್ಲ.

"ನೀವು ಚಿಕ್ಕಮಗಳೂರಿಗೆ ಹೋಗಿದ್ದಾಗ ಯಾರಾದ್ರೂ ಬಂದು ಖಾಲಿ ಮಾಡು ಅಂದ್ರೆ?"

"ರೈಟ್ರು ಇರ್ತಾರಲ್ಲ. ನಾನು ಹೇಳಿದ್ದನ್ನ ಅವರೂ ಕೇಳಿಸ್ಕೊಂಡಿದಾರೆ."

ಭಾಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂದ್ರೆ ಇವರಿರೋ ತನಕ," ಎಂದರು. ಆಮೇಲೆ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದರು.

ಇದಾಗಿ ಮೂರು ಮಳೆಗಾಲಗಳು ಕಳೆದಿವೆ. ಕೋಣೆ ಇನ್ನೂ ಅವರಿಗೇ ಇದೆ. ಪ್ರತಿ ಕೊಯ್ಲಿಗೆ ಮುಂಚೆ ಹೊಸ ಆಳುಗಳ ಸಂಸಾರಗಳು ಲಾರಿಯಿಂದ ಇಳಿದ ದಿನ ಭಾಗಮ್ಮ ಏರು ಹತ್ತಿ ಆಫೀಸಿಗೆ ಬರುತ್ತಾರೆ. ಅವರಿಗೆಲ್ಲ ಯಾವ ಯಾವ ರೂಮು ಕೊಟ್ಟಿರಿ ಎಂದು ನನ್ನಿಂದ ಒಂದೊಂದಾಗಿ ಹೇಳಿಸಿಕೊಂಡೇ ಕೆಳಗಿಳಿಯುತ್ತಾರೆ.