ಕಾಂಪೌಂಡರ್ ಚೌರಪ್ಪನ ಕೋರಂ

ಚೌರಪ್ಪ ಶಿರಾದ ಆಸ್ಪತ್ರೆಗೆ ಕಾಂಪೌಂಡರ್ ಆಗಿ ಬಂದದ್ದು ಐವತ್ತೆರಡರಲ್ಲಿ. ಹೆಸರು ಕೇಳಿ ಮೊದಲ ವಾರ ಒಂದಿಬ್ಬರು ಗಡ್ಡ ಸವರಿಕೊಳ್ಳುತ್ತ ಬಂದು ಅವನ ಮುಂದೆ ಕೂತರಂತೆ. ಇದು ಕ್ಷೌರವಲ್ಲ, ನಮ್ಮ ಸಂತ ಜೇವಿಯರರ ಹೆಸರು ಎಂದು ಹೇಳಿ, ಗಡ್ಡದ ಕೆಳಗಿನ ಕುರುವಿಗೆ ಮುಲಾಮು ಹಚ್ಚಿ ಕಳಿಸಿದ. ಅಂಥ ಮನುಷ್ಯ. ಊರಿಗೆಲ್ಲ ಬೇಕಾದವನು, ಆದರೆ ಊರಿಗೆಲ್ಲ ಅವನೊಬ್ಬನೇ ಕಥೋಲಿಕ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ.

ತಿಂಗಳಿಗೊಂದು ಭಾನುವಾರ ತುಮಕೂರಿನಿಂದ ಒಬ್ಬ ಮುದಿ ಫಾದರ್ ಬಸ್ಸಿನಲ್ಲಿ ಬಂದು, ಅವನ ಮನೆಯ ಮೇಜಿನ ಮೇಲೆ ಪೂಜೆ ಮಾಡಿ, ಅವನಿಗೆ ಸತ್ಪ್ರಸಾದ ಕೊಟ್ಟು ಹೋಗುತ್ತಿದ್ದರು. ಚೌರಪ್ಪ ಉಸಿರಾಡುತ್ತಿದ್ದದ್ದೇ ಆ ಭಾನುವಾರಕ್ಕಾಗಿ. ಒಂದು ಸಲ ಫಾದರ್, ಸಭೆ ಇಲ್ಲದ ಊರಿಗೆ ಇನ್ನು ಬರಲಾಗದು ಎಂದುಬಿಟ್ಟರು.

ಅವರಲ್ಲಿ ಸಭೆ ಎಂದರೆ ಕ್ರೈಸ್ತರ ಸಮುದಾಯ. ನನಗೆ ಅದೆಲ್ಲಿ ಗೊತ್ತು? ನಾನು ನೇಕಾರರ ಸೊಸೈಟಿಯ ಗುಮಾಸ್ತ. ನಾನು ಕಂಡದ್ದು ಒಂದೇ ಸಭೆ, ಹಾಜರಿ ಪುಸ್ತಕಕ್ಕೆ ರುಜು ಬಿದ್ದರೆ ನಡೆಯುವ ಸಭೆ. ಚೌರಪ್ಪ ಮುಖ ಬಾಡಿಸಿಕೊಂಡು ಬಂದು ಸಂಗತಿ ಹೇಳಿದಾಗ, ಕೋರಂ ಎಷ್ಟು, ಕನಿಷ್ಠ ಎಷ್ಟು ತಲೆ ಬೇಕು ಎಂದು ಕೇಳಿದೆ. ಇಬ್ಬರು ಮೂವರು ಸೇರಿದ ಕಡೆ ನಾನಿರುತ್ತೇನೆ ಅಂತ ಯೇಸುಸ್ವಾಮಿ ಹೇಳಿದ್ದಾರೆ ಎಂದ. ಇಷ್ಟಕ್ಕೆ ಅಳುವುದೇ ಎಂದು ಬೈದು, ಸಭೆ ಇದೆ ಬನ್ನಿ ಎಂದು ಫಾದರಿಗೆ ಕಾಗದ ಬರೆಸಿದೆ.

ಮುಂದಿನ ತಿಂಗಳು ಕೋರಂ ಮೀರಿ ಜನ. ನಾನು, ಟೈಲರ್ ಜಹೀರ್ ಅಹಮದ್, ಮಂಡಿಯ ಚನ್ನಮಲ್ಲಯ್ಯ, ಪಕ್ಕದ ಮನೆಯ ದಾಸಮ್ಮ. ನಾಲ್ವರಿಗೂ ಒಂದಲ್ಲ ಒಂದು ಜ್ವರದಲ್ಲಿ ಚೌರಪ್ಪ ಔಷಧಿ ಕುಡಿಸಿದ್ದ. ಫಾದರಿಗೆ ಕಣ್ಣಿನ ಪೊರೆ. ಪೂಜೆಯೋ ಲ್ಯಾಟಿನ್ನಿನಲ್ಲಿ, ಅದೂ ನಮಗೆ ಬೆನ್ನು ತಿರುಗಿಸಿ. ನಮಗೆ ಅರ್ಥವಾಗುತ್ತಿರಲಿಲ್ಲ, ಅವರಿಗೆ ನಾವು ಕಾಣುತ್ತಿರಲಿಲ್ಲ. ಇದಕ್ಕಿಂತ ಶಿಸ್ತಿನ ಸಭೆಯನ್ನು ನಾನು ಸೊಸೈಟಿಯಲ್ಲೂ ನೋಡಿಲ್ಲ. ಪ್ರಸಾದಕ್ಕೆ ಚೌರಪ್ಪನೊಬ್ಬನೇ ಏಳುತ್ತಿದ್ದ. ಮಿಕ್ಕವರು ಪಾಪನಿವೇದನೆ ಮಾಡಿಲ್ಲ, ಅದಕ್ಕೇ ಏಳುತ್ತಿಲ್ಲ ಎಂದುಕೊಂಡು ಫಾದರ್ ಮುನಿಸಿಕೊಳ್ಳುತ್ತಿದ್ದರು. ಪ್ರಸಾದ ಒಬ್ಬನಿಗೇ ಕೊಡುವ ದೇವರು ಎಂಥದು ಎಂದು ದಾಸಮ್ಮನೂ ಮುನಿಸಿಕೊಳ್ಳುತ್ತಿದ್ದಳು. ಆಮೇಲೆ ಚೌರಪ್ಪ ಎಲ್ಲರಿಗೂ ಹುರಿದ ಕಡಲೆಕಾಯಿ ಹಂಚುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಅರವತ್ತಾರರಲ್ಲಿ ಮುದುಕರು ತೀರಿಕೊಂಡು ಹೊಸ ಫಾದರ್ ಬಂದರು. ಎಳೆಯ ವಯಸ್ಸು, ಕಣ್ಣು ಚುರುಕು. ಅಷ್ಟರಲ್ಲಿ ರೋಮಿನವರು ಪೂಜೆಯನ್ನು ಕನ್ನಡಕ್ಕೆ ತಂದು, ಪಾದ್ರಿಗಳು ಜನರ ಕಡೆ ಮುಖ ಮಾಡಬೇಕೆಂದೂ ಹೇಳಿದ್ದರಂತೆ. ಯಾರು ಕೇಳಿದ್ದರು ಇದನ್ನೆಲ್ಲ? ಫಾದರ್ ತಿರುಗಿದರು. ಎದುರಿಗೆ ಜಹೀರನ ಟೋಪಿ, ಚನ್ನಮಲ್ಲಯ್ಯನ ಹಣೆಯುದ್ದ ವಿಭೂತಿ. ಗಂಟಲು ಸರಿ ಮಾಡಿಕೊಂಡು, “ಪ್ರಭು ನಿಮ್ಮೊಂದಿಗಿರಲಿ” ಎಂದರು.

ಲ್ಯಾಟಿನ್ನಿನಲ್ಲಿ ಕಾಲ ಹಾಕಿದ ನಮಗೆ ಉತ್ತರ ಕೊಡಬೇಕೆಂದು ಗೊತ್ತಿಲ್ಲ. ಚೌರಪ್ಪ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ. ಒಳ್ಳೆ ಮಾತಾಡಿದವರನ್ನು ಹಾಗೇ ಬಿಡಬಾರದೆಂದು ದಾಸಮ್ಮನೇ ಹೇಳಿದಳು: “ನಿಮ್ಗೂ ಇರ್ಲಿ ಬುಡಿ ಸ್ವಾಮೇರಾ.”

ಪೂಜೆ ಮುಗಿಯುತ್ತಲೇ ಚೌರಪ್ಪ ಎಲ್ಲವನ್ನೂ ಒಪ್ಪಿಕೊಂಡ. ಫಾದರ್ ಸಿಟ್ಟಾಗಲಿಲ್ಲ, ಬೇಸರಪಟ್ಟರು. ಒಬ್ಬ ಮನುಷ್ಯ ಸಭೆಯಾಗುವುದಿಲ್ಲ ಚೌರಪ್ಪನವರೇ, ನಾನು ಮೇಲಿನವರಿಗೆ ಸುಳ್ಳು ಬರೆಯಲಾರೆ ಎಂದರು. ಚೌರಪ್ಪ ಗೋಡೆಗೆ ಒರಗಿ ಕೂತ. ಕೋರಂ ಎಂದು ಅವನ ತಲೆ ಕೆಡಿಸಿದವನು ನಾನು.

ಜಹೀರ್ ಅಹಮದ್ ಎದ್ದು ನಿಂತ. “ಕಾಂಪೌಂಡರ್ ಸಾಬ್‌ಗೆ ಯಾರೂ ಇಲ್ಲ ಅಂತ ಬರೀಬೇಡಿ ಸ್ವಾಮಿ. ನಾವು ನಿಮ್ಮ ಮಜಹಬ್ ಅಲ್ಲ, ಅದು ನಿಜ. ಆದ್ರೆ ಇವ್ರು ಒಬ್ರೇ ಕೂತು ಅಳೋಕೆ ನಾವೇನು ಸತ್ತೋಗಿದ್ದೀವಾ?”

ಫಾದರ್ ನಮ್ಮ ಕಡೆ ತಿರುಗಿ, ಹಾಗಾದರೆ ಈ ಮನುಷ್ಯನ ಸಭೆಯವರು ಯಾರ್‍ಯಾರು ಎಂದು ಕೇಳಿದರು.

ಸೊಸೈಟಿಯ ಚಾಳಿ, ನನ್ನ ಕೈ ತಾನಾಗಿ ಮೇಲೆ ಹೋಯಿತು. ಅದನ್ನು ನೋಡಿ ಚನ್ನಮಲ್ಲಯ್ಯ ಎತ್ತಿದ, ಜಹೀರ್ ಎತ್ತಿದ, ದಾಸಮ್ಮ ಸೆರಗು ಸರಿ ಮಾಡಿಕೊಂಡು ಎತ್ತಿದಳು. ಎತ್ತದೆ ಉಳಿದವನು ಚೌರಪ್ಪ ಒಬ್ಬನೇ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಬರುವ ತಿಂಗಳು ಎಷ್ಟು ಹೊತ್ತಿಗೆ ಬಂದರೆ ಅನುಕೂಲ ಎಂದು ಫಾದರ್ ನಮ್ಮನ್ನು ಕೇಳಿದರು.