ಓಕೆ ಆಗಿದ್ದ ಸೀಟು

ಶೈಲ, ಮಸ್ಕತ್‌ಗೆ ಹೋಗಲು ನಿನ್ನ ಸೀಟು ಸಿಕ್ಕಿತ್ತು. ಸಿಗಲಿಲ್ಲವೆಂದು ನಿನ್ನಮ್ಮನಿಗೆ ಸುಳ್ಳು ಹೇಳಿದವಳು ನಾನು — ನಿನ್ನ ದೊಡ್ಡಮ್ಮ. ಹನ್ನೊಂದು ವರ್ಷ ಈ ಮಾತನ್ನು ಬಾಯಲ್ಲೇ ಕಟ್ಟಿಹಾಕಿಕೊಂಡು ನಿನಗೆ ಅನ್ನ ಬಡಿಸಿದ್ದೇನೆ, ಜಡೆ ಹಾಕಿದ್ದೇನೆ. ಇವತ್ತು ಇದನ್ನು ಬರೆದು ಮುಗಿಸದೆ ಏಳುವುದಿಲ್ಲ.

ಅಜ್ಜಂಪುರದಲ್ಲಿ ಹುಟ್ಟಿದ ಅಕ್ಕತಂಗಿಯರು ನಾವು. ನನ್ನನ್ನು ಕಡೂರಿಗೆ ಕೊಟ್ಟರು, ನಿನ್ನಮ್ಮ ಗಿರಿಜೆಯನ್ನು ತರೀಕೆರೆಗೆ. ನನಗೆ ಮಕ್ಕಳಾಗಲಿಲ್ಲ. ನಿನ್ನಪ್ಪ ಎಲೆಕ್ಟ್ರಿಕ್ ಕೆಲಸಕ್ಕೆಂದು ಮಸ್ಕತ್‌ಗೆ ಹೋದಾಗ ನಿನಗೆ ಮೂರು ವರ್ಷ. ತರೀಕೆರೆಯ ಮನೆಯಲ್ಲಿ ನಿನ್ನಜ್ಜಿ ಹಾಸಿಗೆ ಹಿಡಿದಿದ್ದರು. ಎರಡನ್ನೂ ನಿಭಾಯಿಸಲಾರದೆ ಗಿರಿಜೆ ನಿನ್ನನ್ನು ತಂದು ನನ್ನ ಮಡಿಲಿಗೆ ಹಾಕಿ, "ಸ್ವಲ್ಪ ದಿನ ನೋಡ್ಕಳಕ್ಕ" ಅಂದಳು. ಆ ಸ್ವಲ್ಪ ದಿನ ಮೂರು ವರ್ಷವಾಯಿತು. ನೀನು ನನ್ನ ಪಕ್ಕದಲ್ಲೇ ಮಲಗುತ್ತಿದ್ದೆ, ನನ್ನ ಸೆರಗು ಹಿಡಿದೇ ಸ್ಕೂಲಿಗೆ ಹೋಗುತ್ತಿದ್ದೆ. ಯಾರಾದರೂ "ನಿಮ್ಮ ಮಗಳಾ?" ಎಂದರೆ ನಾನು ಹೌದು ಅನ್ನುತ್ತಿರಲಿಲ್ಲ — ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಆಗ ನಾನು ಕಡೂರು ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಟಿಕೆಟ್ ಆಫೀಸಿನಲ್ಲಿ ಟೈಪಿಸ್ಟ್. ಬಸ್ಸು, ರೈಲು ಬುಕಿಂಗ್ ಜೊತೆಗೆ ಅಪರೂಪಕ್ಕೊಂದು ವಿಮಾನದ ಟಿಕೆಟ್. ಅದಕ್ಕೆ ಬೆಂಗಳೂರಿನ ಏಜೆಂಟರಿಗೆ ಟ್ರಂಕ್ ಕಾಲ್ ಮಾಡಬೇಕಿತ್ತು. ಮಾಲೀಕರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ, ವಿಮಾನದ ದರಪುಸ್ತಕ ಓದಬಲ್ಲವಳು ಊರಿಗೆಲ್ಲ ನಾನೊಬ್ಬಳೇ. ಅದರ ಜಂಭವೂ ನನಗಿತ್ತು. ಸೀಟು ಖಾತ್ರಿಯಾದರೆ 'ಓಕೆ'. ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ ಎಂದರೆ 'ಆರ್‌ಕ್ಯೂ'. ಎರಡು ವರ್ಷದೊಳಗಿನ ಕೂಸಿಗೆ ಸೀಟೇ ಬೇಡ, ತಾಯಿಯ ತೊಡೆಯ ಮೇಲೆ ಕೂತು ಹೋಗುತ್ತದೆ. ಆ ವಯಸ್ಸು ದಾಟಿದರೆ ಅರ್ಧ ದರ, ಸ್ವಂತ ಸೀಟು. ನೀನು ಕೂಸಾಗಿದ್ದಿದ್ದರೆ ನನ್ನ ಕೈಲಿ ಏನೂ ಆಗುತ್ತಿರಲಿಲ್ಲ. ನಿನಗೆ ಆರು ವರ್ಷವಾಗಿತ್ತು. ನಿನಗೊಂದು ಸೀಟು ಬೇಕಾಗಿತ್ತು — ಅದು ನನ್ನ ಕೈಗೆ ಬಂತು.

ಅಜ್ಜಿ ತೀರಿಕೊಂಡ ಮೇಲೆ ನಿನ್ನಪ್ಪ ನಿಮ್ಮಿಬ್ಬರಿಗೂ ವೀಸಾ ಕಳಿಸಿದ. ಅದಕ್ಕೊಂದು ಗಡುವಿತ್ತು, ಅಷ್ಟರೊಳಗೆ ಅಲ್ಲಿ ಇಳಿಯಬೇಕು. ಬೊಂಬಾಯಿಯಿಂದ ಹೋಗುವ ವಿಮಾನಗಳೆಲ್ಲ ಭರ್ತಿ. ಗಿರಿಜೆ ತರೀಕೆರೆಯಿಂದ ದಿನ ಬಿಟ್ಟು ದಿನ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ಕೂರುತ್ತಿದ್ದಳು. ನಿನಗೆಂದು ಹಳದಿ ಬಣ್ಣದ ಫ್ರಾಕು ಹೊಲಿಸಿದ್ದಳು, ಅಲ್ಲಿನ ಸ್ಕೂಲಿನ ಹೆಸರನ್ನು ಚೀಟಿಯಲ್ಲಿ ಬರೆಸಿಟ್ಟುಕೊಂಡಿದ್ದಳು. ಅವಳು ಖುಷಿಯಾಗಿದ್ದಷ್ಟೂ ನನಗೆ ಹೊಟ್ಟೆ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಒಂದು ಮಧ್ಯಾಹ್ನ ಟ್ರಂಕ್ ಕಾಲ್ ಬಂತು. ಮಾಲೀಕರು ಊಟಕ್ಕೆ ಹೋಗಿದ್ದರು. ಬೆಂಗಳೂರಿನವರು, "ಅಡಲ್ಟ್ ಒಂದು ಓಕೆ, ಚೈಲ್ಡ್ ಒಂದು ಓಕೆ. ಎರಡೂ ಬರೀಲಾ ಮೇಡಂ?" ಎಂದು ಕೇಳಿದರು.

ನಾನು — ಯೋಚಿಸಿದೆನೋ ಇಲ್ಲವೋ, ಈಗಲೂ ಗೊತ್ತಾಗುವುದಿಲ್ಲ. ಯೋಚಿಸಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ದನಿ ನಡುಗಲಿಲ್ಲ, ಅದು ಚೆನ್ನಾಗಿ ನೆನಪಿದೆ.

"ಅಡಲ್ಟ್ ಮಾತ್ರ ಬರೀರಿ. ಮಗು ಹೊರಡ್ತಿಲ್ಲ, ಅದನ್ನ ಕ್ಯಾನ್ಸಲ್ ಮಾಡ್ಬಿಡಿ."

ಮಾರನೆಯ ದಿನ ಗಿರಿಜೆ ಬಂದಾಗ, "ನಿಂದು ಓಕೆ, ಶೈಲಂದು ಆರ್‌ಕ್ಯೂ, ಇನ್ನೂ ಬಂದಿಲ್ಲ" ಅಂದೆ. ಅವಳ ಮುಖ ಇಳಿದುಹೋಯಿತು. ತಾನೂ ಹೋಗುವುದಿಲ್ಲ ಎಂದಳು. "ನಿಂತ್ರೆ ಇಬ್ರ ವೀಸಾನೂ ಹೋಗುತ್ತೆ ಕಣೇ, ನೀನು ಮುಂದೆ ಹೋಗು" ಎಂದು ನಾನೇ ಬುದ್ಧಿ ಹೇಳಿದೆ. ಎದ್ದು ಹೊರಟವಳು ಮೆಟ್ಟಿಲ ಹತ್ತಿರ ನಿಂತು ಕೇಳಿದಳು:

"ಅಕ್ಕಾ, ಒಂಟಿ ಮಕ್ಳನ್ನ ವಿಮಾನದೋರೇ ಜ್ವಾಪಾನವಾಗಿ ಕರ್ಕಂಡೋಗಿ ಅಪ್ಪ-ಅಮ್ಮನ ಕೈಗೆ ಒಪ್ಪಿಸ್ತಾರಂತಲ್ಲ, ಹೌದಾ? ಯಾರೋ ಅಂದ್ರು. ಗಡುವಿನೊಳಗೆ ಸೀಟು ಬಂದ್ರೆ ಹಂಗೇ ಕಳುಸ್ಬೋದಲ್ವಾ?"

ಹೌದು, ಹಾಗೆ ಕರೆದೊಯ್ಯುತ್ತಿದ್ದರು. 'ಅನ್‌ಅಕಂಪನೀಡ್ ಮೈನರ್' ಎಂದು ಅದಕ್ಕೊಂದು ಪುಟವೇ ಇತ್ತು, ಐದು ತುಂಬಿದ ಮಕ್ಕಳಿಗೆ. ಆ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು.

"ಅಂಥಾದ್ದೆಲ್ಲ ಇಲ್ಲ ಕಣೇ. ಯಾರೋ ತಮಾಷೆ ಮಾಡವ್ರೆ" ಅಂದೆ.

ಮೊದಲ ಸುಳ್ಳಿಗಾದರೂ ಆ ಗಳಿಗೆಯ ಸಂಕಟ ಎನ್ನಬಹುದಿತ್ತೇನೋ. ಇದಕ್ಕೆ ಏನೆನ್ನಲಿ? ತಂಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದಳು, ನಾನು ಕಣ್ಣು ತಗ್ಗಿಸದೆ ಹೇಳಿದೆ.

ಬೀರೂರು ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿದೆವು. ನೀನು ಹಳದಿ ಫ್ರಾಕು ಹಾಕಿಕೊಂಡೇ ಬಂದಿದ್ದೆ, ಬಿಚ್ಚು ಎಂದರೂ ಬಿಚ್ಚಲಿಲ್ಲ. ನಿನ್ನಮ್ಮ ಕಿಟಕಿಯಿಂದ ಕೈ ಚಾಚಿ, "ಸೀಟು ಬಂದೇಟ್ಗೆ ಕರುಸ್ಕೊತೀನಿ ಕಣವ್ವಾ" ಎಂದು ಅತ್ತಳು. ನೀನು ಅಳಲಿಲ್ಲ. ಬರುತ್ತದೆ ಎಂದು ನಂಬಿದ್ದೆ. ಮಾರನೆಯ ದಿನದಿಂದ ಸ್ಕೂಲು ಬಿಟ್ಟೊಡನೆ ಆಫೀಸಿನ ಮೆಟ್ಟಿಲು ಹತ್ತಿ ಬರುತ್ತಿದ್ದೆ: "ದೊಡ್ಡಮ್ಮಾ, ನಂದು ಓಕೆ ಆಯ್ತಾ?" ಗೆಳತಿಯರಿಗೆಲ್ಲ "ನಂದು ಆರ್‌ಕ್ಯೂನಲ್ಲೈತೆ" ಎಂದು ಹೇಳಿಕೊಂಡು ತಿರುಗಿದೆ. ಕೇಳುವುದನ್ನು ನೀನು ಯಾವತ್ತು ನಿಲ್ಲಿಸಿದೆ ಅನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ನಿಲ್ಲಿಸಿದ್ದಕ್ಕೆ ಸಮಾಧಾನವಾಗಿದ್ದು ಮಾತ್ರ ನೆನಪಿದೆ.

ಗಡುವು ಮುಗಿಯಿತು. ಆಮೇಲೆ ಕಂಪನಿಯವರು ಕುಟುಂಬಕ್ಕೆ ವೀಸಾ ಕೊಡುವುದನ್ನೇ ನಿಲ್ಲಿಸಿದರು. ಅದು ನನ್ನ ಲೆಕ್ಕದಲ್ಲಿರಲಿಲ್ಲ. ಒಂದು ವರ್ಷ ಇದ್ದು ಹೋಗುತ್ತೀಯ ಎಂದುಕೊಂಡಿದ್ದೆ. ಎರಡು ವರ್ಷಕ್ಕೊಮ್ಮೆ ಅವರು ರಜೆಗೆ ಬಂದಾಗ ನೀನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. 'ಅಮ್ಮ' ಅನ್ನುತ್ತಿದ್ದವಳು 'ಅವರು' ಅನ್ನತೊಡಗಿದೆ. ಒಮ್ಮೆ, ಒಂಬತ್ತು ವರ್ಷವಿರಬೇಕು, "ಅವ್ರಿಗೆ ನಾನು ಬ್ಯಾಡವಾಗಿದ್ನಾ ದೊಡ್ಡಮ್ಮ?" ಎಂದು ಕೇಳಿದೆ. ಅಲ್ಲ ಅನ್ನಲಿಲ್ಲ ನಾನು. ನಿನ್ನನ್ನು ಅಪ್ಪಿಕೊಂಡೆ. ಶೈಲ, ನಾನು ಮಾಡಿದ್ದರಲ್ಲೆಲ್ಲ ಕೆಟ್ಟದ್ದು ಆ ಅಪ್ಪುಗೆ.

ಈಗ ಅವರಿಬ್ಬರೂ ಅಲ್ಲಿಯದನ್ನೆಲ್ಲ ಮುಗಿಸಿ ತರೀಕೆರೆಗೆ ಬಂದುಬಿಟ್ಟಿದ್ದಾರೆ. ಹೋದ ಭಾನುವಾರ ನಿನ್ನನ್ನು ಕರೆದೊಯ್ಯಲು ಗಿರಿಜೆ ನಮ್ಮ ಮನೆಗೆ ಬಂದಾಗ ನೀನು ಹೇಳಿದ್ದು — "ಆವಾಗ ಬ್ಯಾಡವಾಗಿದ್ದೋಳು ಈವಾಗ ಯಾಕ್ರೀ ಬೇಕು?" ಹೆತ್ತ ತಾಯಿಗೆ ರೀ ಹಚ್ಚಿ ಮಾತಾಡಿದೆ. ಅವಳು, "ಸೀಟು ಸಿಕ್ಕಲಿಲ್ಲ ಕಣೇ" ಎಂದಳು. ನೀನು ನಕ್ಕುಬಿಟ್ಟೆ. ಒಲೆಯ ಮುಂದೆ ನಿಂತಿದ್ದ ನಾನು ಸಾರು ಕಲಕುತ್ತಲೇ ಇದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ನೀನು ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ಕಂಡು ನನಗೇ ಭಯವಾಯಿತು. ಇನ್ನು ಸಾಕು ಎಂದು ಅವತ್ತೇ ತೀರ್ಮಾನಿಸಿದೆ.

ನಿನ್ನೆ ನೀನು ಕಾಲೇಜಿಗೆ ಹೋದ ಮೇಲೆ ತರೀಕೆರೆಗೆ ಹೋಗಿ ಬಂದೆ. ಗಿರಿಜೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂರು ಅನ್ನುವ ಮೊದಲೇ ಎಲ್ಲವನ್ನೂ ಹೇಳಿದೆ, ಆ ಪುಸ್ತಕದ ಪುಟದ ಸಮೇತ. ಅವಳು ಬೈಯಲಿಲ್ಲ, ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು. ಕಾಲು ಹಿಡಿಯಲು ಬಗ್ಗಿದೆ, ಹಿಂದಕ್ಕೆ ಎಳೆದುಕೊಂಡಳು.

"ನನಗೇಳಿ ಏನ್ ಬಂತು? ಅವಳಿಗೇಳು ಹೋಗು. ನಾನು ಕರೆದಿದ್ದೆ ಅಂತ ಹೇಳು" ಅಂದಳು.

ಎದುರು ನಿಂತು ಹೇಳಹೊರಟರೆ ನಡುವೆ ಅತ್ತು ನಿನ್ನ ಕನಿಕರ ಗಿಟ್ಟಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ. ಈ ಮನೆಯಲ್ಲೇ ಇರು ಎಂದೂ ಇನ್ನು ಕೇಳುವುದಿಲ್ಲ. ನೀನು ಓದಿ ಮುಗಿಸುವವರೆಗೂ ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ಏನು ಅನ್ನಬೇಕೋ ಬಂದು ಅನ್ನು.

ನಿನ್ನಮ್ಮ ನಿನ್ನನ್ನು ಕರೆದಿದ್ದಳು, ಶೈಲ. ನೀನು ಅವಳಿಗೆ ಬೇಕಾಗಿದ್ದೆ. ಹೋಗದಂತೆ ತಡೆದವಳು ನಾನು.