ಪಲ್ಯದಲ್ಲಿ ಇಲ್ಲದ ಮದ್ದು

ಆಗ ನನಗೆ ಐವತ್ತೆರಡು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಲಕ್ವ ಹೊಡೆದ ಗಂಡನನ್ನು ಆಸ್ಪತ್ರೆಯಿಂದ ಕೆ.ಬಿ. ಬಡಾವಣೆಯ ಮನೆಗೆ ಕರೆತಂದಿದ್ದೆವು. ಊಟಕ್ಕೆ ಕೂತರೆ ತಟ್ಟೆಯ ಬಲಗಡೆಯ ಅನ್ನ ಮಾತ್ರ ಉಂಡು, ಎಡಗಡೆಯ ಪಲ್ಯ ಮುಟ್ಟದೆ, “ಇಷ್ಟೇ ಏನು ನೀಡಿದ್ದು?” ಎಂದು ರೇಗುತ್ತಿದ್ದರು.

ನೋಡಲು ಬಂದಿದ್ದ ನಾದಿನಿಗೆ ಅಷ್ಟೇ ಸಾಕಾಯಿತು. “ಅತ್ತಿಗೆ, ಅಣ್ಣನ್ನ ಕೈಯಾಗ ಇಟ್ಕೊಳಾಕ ಪಲ್ಯದಾಗ ಮದ್ದು ಇಕ್ಕಿದೀಯ. ಅದಕ್ಕಾ ಮುಟ್ಟವಲ್ಲ. ನಾಳೆ ಹರಿಹರಕ್ಕೆ ಕರ್ಕೊಂಡ್ ಹೋಗಿ ವಾಂತಿ ಮಾಡಿಸಿ ತೆಗೆಸ್ತೀನಿ,” ಎಂದಳು.

ಎದ್ದು ನಿಲ್ಲಲೂ ತ್ರಾಣವಿಲ್ಲದವರಿಗೆ ವಾಂತಿ ಮಾಡಿಸಿದರೆ ಜೀವ ಉಳಿಯುತ್ತದೆಯೇ? ಅಷ್ಟು ಬುದ್ಧಿ ಅವಳಿಗೆಲ್ಲಿ.

ಹೋಗಿ ಡಾಕ್ಟರನ್ನು ಕೇಳಿದೆ. “ಕಣ್ಣು ಸರಿ ಅದಾವಮ್ಮ. ಮಿದುಳಿನ ಬಲಗಡೆ ಮೇಲ್ಪದರಕ್ಕೆ ಪೆಟ್ಟಾಗೈತೆ. ಎಡಗಡೆ ಅಂತ ಒಂದೈತೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಎಡಕ್ಕೆ ಕೂತು ಮಾತಾಡಿಸ್ರಿ, ಆ ಕಡೆ ತಿರುಗೋದು ಕಲೀಲಿ,” ಎಂದರು.

ಅಂದಿನ ಊಟಕ್ಕೆ ನಾದಿನಿಯ ಎದುರಿಗೇ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಪಲ್ಯ ಬಲಕ್ಕೆ ಬಂತು. ಗಂಡ ಚಪ್ಪರಿಸಿ ತಿಂದರು.

“ಎಲ್ಲಿ ಹೋತವ್ವಾ ನಿನ್ ಮದ್ದು?” ಎಂದೆ.

“ತಿರುಗಿಸುವಾಗ ನೀ ಏನೋ ಮಂತ್ರ ಅಂದೆ, ನಾ ನೋಡ್ದೆ ಬಿಡು,” ಎಂದಳು. ಅಂಥ ತಲೆಗೆ ಲಕ್ವ ಹೊಡೆದರೂ ಯಾರಿಗೂ ಗೊತ್ತಾಗುವುದಿಲ್ಲ.

ಮರುದಿನ ಬೆಳಿಗ್ಗೆ ಅವಳ ಚೀಲವನ್ನು ನಾನೇ ಹೊತ್ತು, ಅವಳನ್ನು ಅವಳ ಊರು ಕೊಕ್ಕನೂರಿನ ಬಸ್ಸು ಹತ್ತಿಸಿದೆ. ಮನೆಗೆ ಬಂದು ಗಂಡನ ಎಡಕ್ಕೆ ಕುರ್ಚಿ ಹಾಕಿಕೊಂಡು, ಅವರು ಇತ್ತ ತಿರುಗುವವರೆಗೂ ಕರೆಯುತ್ತ ಕೂತೆ.